ಐದು ಸಾವಿರ ಪೌಂಡಿಗೆ ಕೊಂಡ ಜೈಲು

1728ರಲ್ಲಿ ಲಂಡನ್ನಿನ ಇಬ್ಬರು ಸೇರಿ ಒಂದು ಜೈಲು ಕೊಂಡುಕೊಂಡರು. ಬೆಲೆ 5,000 ಪೌಂಡ್. ಹಳೇ ಇಂಗ್ಲೆಂಡಿನ ಜೈಲುಗಳ ಬಗ್ಗೆ ನಾನು ಕೊಟ್ಟ ಒಂದು ಉಪನ್ಯಾಸದಲ್ಲಿ ಈ ಮಾತು ಹೇಳುತ್ತಿದ್ದಂತೆ ಹಿಂದಿನ ಸಾಲಿನಿಂದ ಯಾರೋ "ಖಾಸಗೀಕರಣ ಆಗಲೇ ಶುರುವಾಗಿತ್ತಾ ಸಾರ್?" ಅಂದರು, ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ತಮಾಷೆಯದ್ದಲ್ಲ. ಅವತ್ತು ನಾನು ಹೇಳಬೇಕು ಅಂದುಕೊಂಡಿದ್ದೆಲ್ಲ ಹೆಚ್ಚು ಕಡಿಮೆ ಅದರಲ್ಲೇ ಇತ್ತು.

ಕೊಂಡವರು ಥಾಮಸ್ ಬ್ಯಾಂಬ್ರಿಜ್ ಮತ್ತು ಡೂಗಲ್ ಕತ್‌ಬರ್ಟ್. ಬ್ಯಾಂಬ್ರಿಜ್ ಕಸುಬಿನಲ್ಲಿ ವಕೀಲ. ಮಾರಿದವನು ಜಾನ್ ಹಗಿನ್ಸ್. ಅವನೂ 1713ರಲ್ಲಿ ಇದೇ ಜೈಲಿನ ವಾರ್ಡನ್ ಹುದ್ದೆಯನ್ನು 5,000 ಪೌಂಡ್ ಕೊಟ್ಟೇ ಪಡೆದಿದ್ದ. ಜೈಲಿನ ಹೆಸರು ಫ್ಲೀಟ್. ಹತ್ತಿರದಲ್ಲೇ ಹರಿಯುತ್ತಿದ್ದ ಫ್ಲೀಟ್ ಅನ್ನೋ ಹೊಳೆಯಿಂದ ಬಂದ ಹೆಸರು. ಹನ್ನೆರಡನೇ ಶತಮಾನದಿಂದ ಅಲ್ಲಿ ಜೈಲು ಇತ್ತು. ಅದರ ವಾರ್ಡನ್ ಗಿರಿ ಹೊಲ ಮನೆ ಇದ್ದ ಹಾಗೆ ಆಸ್ತಿ. ಮಗನಿಗೆ ಕೊಡಬಹುದು, ಮಾರಬಹುದು, ಬಾಡಿಗೆಗೂ ಬಿಡಬಹುದು.

ಸರ್ಕಾರ ವಾರ್ಡನ್‌ಗೆ ಸಂಬಳ ಕೊಡುತ್ತಿರಲಿಲ್ಲ. ಅವನೇ ದುಡ್ಡು ಹಾಕಿ ಹುದ್ದೆ ಹಿಡಿಯಬೇಕು, ಆಮೇಲೆ ಒಳಗಿರುವವರಿಂದ ವಸೂಲಿ ಮಾಡಿಕೊಳ್ಳಬೇಕು. ಸಂತೆಯ ಸುಂಕ ಎತ್ತುವ ಹಕ್ಕನ್ನು ಹರಾಜಿನಲ್ಲಿ ಹಿಡಿದವನು ಏನು ಮಾಡುತ್ತಾನೋ ಅದೇ. ಬುಟ್ಟಿ ಇಟ್ಟವಳಿಂದಲೂ ವಸೂಲಿ, ಗಾಡಿ ನಿಲ್ಲಿಸಿದವನಿಂದಲೂ ವಸೂಲಿ. ವ್ಯತ್ಯಾಸ ಒಂದೇ. ಸುಂಕ ಜಾಸ್ತಿಯಾಯಿತು ಅಂದರೆ ಸಂತೆಯಿಂದ ಎದ್ದು ಹೋಗಬಹುದು. ಇಲ್ಲಿ ಹಾಗೆ ಹೋಗುವ ಹಾಗಿಲ್ಲ.

ಒಳಗೆ ಇದ್ದವರು ಯಾರು? ಹೆಚ್ಚಿನವರು ಕಳ್ಳರಲ್ಲ, ಕೊಲೆಗಾರರಲ್ಲ. ಸಾಲ ತೀರಿಸಲಾಗದವರು. ಆಗಿನ ಇಂಗ್ಲೆಂಡಿನಲ್ಲಿ ಸಾಲ ಕೊಟ್ಟವನು ಕೋರ್ಟಿನಿಂದ ಆದೇಶ ತಂದು, ವಿಚಾರಣೆ ನಡೆಯೋದಕ್ಕೆ ಮುಂಚೆಯೇ ಸಾಲಗಾರನನ್ನು ಹಿಡಿಸಬಹುದಿತ್ತು. ದರ್ಜಿಗೆ ಬಾಕಿ ಇಟ್ಟವನು, ಬೇಕರಿಯವನಿಗೆ ಬಾಕಿ ಇಟ್ಟವನು, ಇನ್ಯಾರಿಗೋ ಜಾಮೀನು ನಿಂತು ಸಿಕ್ಕಿಹಾಕಿಕೊಂಡವನು, ಎಲ್ಲರೂ ಬರುತ್ತಿದ್ದರು. ಎಷ್ಟು ದಿನ ಅಂತ ಶಿಕ್ಷೆಯ ಲೆಕ್ಕ ಇಲ್ಲ. ಸಾಲ ತೀರುವ ತನಕ, ಇಲ್ಲವೇ ಸಾಲ ಕೊಟ್ಟವನ ಮನಸ್ಸು ಕರಗುವ ತನಕ. ಕಳ್ಳನಿಗೆ ಬಿಡುಗಡೆಯ ದಿನಾಂಕ ಇರುತ್ತದೆ, ಇವರಿಗೆ ಅದೂ ಇರಲಿಲ್ಲ.

"ದುಡ್ಡಿಲ್ಲದವನನ್ನು ಒಳಗೆ ಹಾಕಿದರೆ ಅವನು ದುಡಿದು ತೀರಿಸೋದು ಹೇಗೆ?" ಅಂತ ಒಬ್ಬರು ಮೇಡಂ ಮಧ್ಯದಲ್ಲೇ ಕೇಳಿದರು. ಆ ಕಾಲದವರಿಗೂ ಇದು ಹೊಳೆಯದೆ ಇರಲಿಲ್ಲ. ಸಾಲ ಕೊಟ್ಟವರ ಲೆಕ್ಕಾಚಾರ ಬೇರೆ ಇತ್ತು. ಇವನ ಹತ್ತಿರ ಎಲ್ಲೋ ಬಚ್ಚಿಟ್ಟ ಗಂಟು ಇರುತ್ತದೆ, ಇಲ್ಲದಿದ್ದರೆ ಅಣ್ಣನೋ ಮಾವನೋ ಮರ್ಯಾದೆಗೆ ಅಂಜಿ ಕಟ್ಟುತ್ತಾರೆ ಅಂತ. ಕೆಲವು ಸಲ ಹಾಗೇ ಆಗುತ್ತಿತ್ತು. ಆದರೆ ಆ ಗಂಟಾಗಲಿ, ಅಣ್ಣನ ದುಡ್ಡಾಗಲಿ ಸಾಲ ಕೊಟ್ಟವನ ಕೈ ಸೇರುವ ಮೊದಲೇ ದಾರಿಯಲ್ಲಿ ಜೈಲಿನವನು ನಿಂತಿರುತ್ತಿದ್ದ.

ದಾರಿಯಲ್ಲಿ ಅಂದದ್ದು ಸುಮ್ನೆ ಮಾತಿಗಲ್ಲ. ಹಿಡಿದವನನ್ನು ನೇರವಾಗಿ ಜೈಲಿಗೆ ತರುತ್ತಿರಲಿಲ್ಲ. ಮೊದಲು ಒಂದು ವಸತಿಮನೆಗೆ. ಸ್ಪಂಜಿಂಗ್ ಹೌಸ್ ಅನ್ನುತ್ತಿದ್ದರು. ನಡೆಸುವವರು ಜೈಲಿನ ಸಿಬ್ಬಂದಿಯೇ. ಹಾಸಿಗೆಗೆ ಇಷ್ಟು, ಊಟಕ್ಕೆ ಇಷ್ಟು, ಬೇಡ ಅಂದರೂ ತಂದಿಡುವ ವೈನಿಗೆ ಇಷ್ಟು. ಹೊರಗಡೆಯ ಬೆಲೆಗಿಂತ ಎಷ್ಟೋ ಪಟ್ಟು. ಹೊಸದಾಗಿ ಸಿಕ್ಕಿಬಿದ್ದವನ ಜೇಬಿನಲ್ಲಿ ಇನ್ನೂ ನಾಲ್ಕು ಕಾಸು ಇರುತ್ತದಲ್ವಾ, ಅದು ಖಾಲಿಯಾಗುವ ತನಕ ಅಲ್ಲೇ. ಆಮೇಲೆ ಜೈಲು.

ಜೈಲಿನ ಒಳಗೂ ಎರಡು ಭಾಗ. ಒಂದು ಕಾಸಿದ್ದವರ ಕಡೆ, ಇನ್ನೊಂದು ಸಾಮಾನ್ಯರ ಕಡೆ. ಒಳಗೆ ಬರೋದಕ್ಕೆ ಶುಲ್ಕ, ಕೋಣೆಗೆ ಬಾಡಿಗೆ, ಹೋಗುವಾಗ ಬಿಡುಗಡೆಯ ಶುಲ್ಕ. ಇನ್ನೂ ಜಾಸ್ತಿ ಕೊಟ್ಟರೆ ಜೈಲಿನ ಹೊರಗೇ, ಸುತ್ತಲಿನ ಗುರುತು ಹಾಕಿದ ಬೀದಿಗಳಲ್ಲಿ ಮನೆ ಮಾಡಿಕೊಂಡು ಹೆಂಡತಿ ಮಕ್ಕಳ ಜೊತೆ ಇರಬಹುದು. ಕಾಗದದ ಮೇಲೆ ಅವನು ಕೈದಿ, ಬದುಕು ಮಾತ್ರ ಬಾಡಿಗೆದಾರನದ್ದು. ಕಾನೂನು ಇದಕ್ಕೆಲ್ಲ ಒಪ್ಪಿಗೆ ಕೊಟ್ಟಿತ್ತು. ಕಾನೂನಿನ ಪ್ರಕಾರದ ಶುಲ್ಕ ಎಲ್ಲಿ ಮುಗಿಯಿತು, ಮಾಮೂಲು ಎಲ್ಲಿ ಶುರುವಾಯಿತು ಅನ್ನೋದನ್ನು ಮಾತ್ರ ಕೈದಿ ಕೇಳುವ ಹಾಗಿರಲಿಲ್ಲ.

ಇಲ್ಲಿ ರಾಬರ್ಟ್ ಕ್ಯಾಸೆಲ್ ಬರುತ್ತಾನೆ. ವಾಸ್ತುಶಿಲ್ಪಿ. ಪ್ರಾಚೀನ ರೋಮಿನ ಶ್ರೀಮಂತರ ತೋಟದ ಬಂಗಲೆಗಳ ಬಗ್ಗೆ ಒಂದು ದೊಡ್ಡ ಚಿತ್ರಸಹಿತ ಪುಸ್ತಕ ಮಾಡಿದ್ದ, ಅದು 1728ರಲ್ಲೇ ಹೊರಬಂತು. ಅದೇ ವರ್ಷ ಸಾಲಕ್ಕೆ ಸಿಕ್ಕಿ ಫ್ಲೀಟ್ ಜೈಲಿನ ಲೆಕ್ಕಕ್ಕೆ ಬಂದ. ಮೊದಲು ಹೊರಗಿನ ಬೀದಿಯಲ್ಲಿ ಇರೋದಕ್ಕೆ ಜಾಮೀನು ಕೊಟ್ಟ. ಬ್ಯಾಂಬ್ರಿಜ್‌ಗೆ ಕಾಣಿಕೆಯನ್ನೂ ಕೊಟ್ಟ. ಬ್ಯಾಂಬ್ರಿಜ್ ಮತ್ತೆ ಕೇಳಿದ. ಕ್ಯಾಸೆಲ್ ಹತ್ತಿರ ಇರಲಿಲ್ಲ. ಸರಿ, ಕಾರ್ಬೆಟ್ ಅನ್ನುವವನ ವಸತಿಮನೆಗೆ ಹೋಗು ಅಂದ ಬ್ಯಾಂಬ್ರಿಜ್.

ಆ ಮನೆಯಲ್ಲಿ ಸಿಡುಬು ಎದ್ದಿತ್ತು.

ಕ್ಯಾಸೆಲ್‌ಗೆ ಯಾವತ್ತೂ ಸಿಡುಬು ಬಂದಿರಲಿಲ್ಲ. ಆಗಿನ ಕಾಲದಲ್ಲಿ ದೊಡ್ಡವರಾದ ಮೇಲೆ ಬಂದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅವನು ಬೇಡಿಕೊಂಡ. ನನಗೆ ಆ ರೋಗ ಅಂದರೆ ಜೀವಭಯ, ಬೇರೆ ಯಾವ ವಸತಿಮನೆಗಾದರೂ ಕಳಿಸಿ, ಅದೂ ಆಗದಿದ್ದರೆ ಜೈಲಿನೊಳಗೇ ಹಾಕಿ ಅಂತ. ನೋಡಿ, ಒಬ್ಬ ಮನುಷ್ಯ ನನ್ನನ್ನು ಜೈಲಿಗೆ ಹಾಕಿ ಅಂತ ಕೈಮುಗಿಯುತ್ತಿದ್ದಾನೆ. ಬ್ಯಾಂಬ್ರಿಜ್‌ನ ಆಳುಗಳಿಗೇ ಅಯ್ಯೋ ಅನ್ನಿಸಿತು, ಅವರೂ ಹೇಳಿ ನೋಡಿದರು. ಅವನು ಕೇಳಲಿಲ್ಲ. ಕ್ಯಾಸೆಲ್ ಆ ಮನೆಗೆ ಹೋದ, ಸಿಡುಬು ಹತ್ತಿತು, ಡಿಸೆಂಬರ್ 1728ರಲ್ಲಿ ಸತ್ತ. ಸಾಯುವಾಗ ನನ್ನ ಸಾವಿಗೆ ಬ್ಯಾಂಬ್ರಿಜ್ ಕಾರಣ ಅಂತ ಹೇಳಿಯೇ ಸತ್ತ. ಹೆಂಡತಿ, ಸಣ್ಣ ಮಕ್ಕಳು ಬೀದಿಗೆ ಬಿದ್ದರು.

ಬ್ಯಾಂಬ್ರಿಜ್‌ಗೆ ಕ್ಯಾಸೆಲ್ ಮೇಲೆ ವೈಯಕ್ತಿಕ ದ್ವೇಷ ಇತ್ತು ಅಂತ ನನಗೆ ಅನ್ನಿಸೋದಿಲ್ಲ. ಸಿಡುಬಿನ ಮನೆ ಅವನ ಕೈಯಲ್ಲಿದ್ದ ಒಂದು ಸಾಧನ. ದುಡ್ಡು ಕೊಡದಿದ್ದರೆ ಎಲ್ಲಿಗೆ ಹೋಗಬೇಕಾಗುತ್ತದೆ ಅಂತ ಒಬ್ಬನಿಗೆ ತೋರಿಸಿದರೆ ಉಳಿದವರು ತಾವಾಗಿ ಕೊಡುತ್ತಾರೆ.

ಇನ್ನೊಂದು ಸಾಧನ ಕಬ್ಬಿಣ. ಫ್ಲೀಟಿನಲ್ಲಿ ಸಾಲದ ಕೈದಿಗಳಿಗೆ ಬೇಡಿ ಹಾಕುವ ಪದ್ಧತಿ ಮುಂಚೆ ಇರಲಿಲ್ಲ. ಜೇಕಬ್ ಮೆಂಡೆಜ್ ಸೋಲಸ್ ಅನ್ನುವ ಪೋರ್ಚುಗೀಸ್ ಮನುಷ್ಯ ಹಾಗೆ ಬೇಡಿ ತೊಟ್ಟ ಮೊದಲಿಗರಲ್ಲಿ ಒಬ್ಬ. ಅವನನ್ನು ಕೂಡಿಹಾಕಿದ ಕತ್ತಲೆ ಕೋಣೆಯನ್ನು ಆಮೇಲೆ ಹೋಗಿ ನೋಡಿದವರು ವಿವರವಾಗಿ ಬರೆದಿಟ್ಟಿದ್ದಾರೆ. ಹೆಣ ಹೂಳುವ ನೆಲಮಾಳಿಗೆಯ ಹಾಗಿತ್ತಂತೆ. ಒಲೆ ಇಲ್ಲ, ಹೊಗೆ ಹೋಗುವ ಗೂಡಿಲ್ಲ. ಬಾಗಿಲ ಮೇಲಿನ ಸಂದಿಯಿಂದ, ಇಲ್ಲವೇ ಸುಮಾರು ಎಂಟು ಅಂಗುಲದ ಒಂದು ಚೌಕ ಕಿಂಡಿಯಿಂದ ಬಂದಷ್ಟೇ ಬೆಳಕು. ಜೈಲಿನಲ್ಲಿ ಯಾರಾದರೂ ಸತ್ತರೆ ಪಂಚನಾಮೆ ಆಗುವ ತನಕ ಹೆಣ ಇಡುತ್ತಿದ್ದದ್ದೂ ಅಲ್ಲೇ. ಸೋಲಸ್ ಅಲ್ಲಿ ಬೇಡಿಯಲ್ಲಿ ಎರಡು ತಿಂಗಳ ಹತ್ತಿರ ಕಳೆದ.

ಬ್ಯಾರನೆಟ್ ಪದವಿಯಿದ್ದ ಸರ್ ವಿಲಿಯಂ ರಿಚ್‌ಗೂ ಇದೇ ಗತಿ. ಊರಿನಲ್ಲಿ "ಸರ್" ಅನ್ನಿಸಿಕೊಂಡವನು ಇಲ್ಲಿ ಭಾರದ ಕಬ್ಬಿಣ ಹೊತ್ತು ಕೂತಿದ್ದ.

ಹಾಗಂತ ಜೈಲಿನ ಗೋಡೆ ಎಲ್ಲರಿಗೂ ಗಟ್ಟಿಯಾಗಿತ್ತು ಅಂತ ತಿಳಿಯಬೇಡಿ. ಕಾಸು ಬಿಚ್ಚಿದವನಿಗೆ ಅದರಲ್ಲಿ ಬಾಗಿಲು ಇತ್ತು. ನಿಜವಾದ ಬಾಗಿಲೇ. ಬಾಯ್ಸ್ ಅನ್ನುವ ಕಳ್ಳಸಾಗಣೆದಾರ ರಾಜನ ಖಜಾನೆಗೇ 30,000 ಪೌಂಡಿಗೂ ಜಾಸ್ತಿ ಕೊಡಬೇಕಾಗಿತ್ತು. ಅವನು ಹೊರಗೆ ಹೋಗಿ ಬರಲಿ ಅಂತ ಬ್ಯಾಂಬ್ರಿಜ್ ಜೈಲಿನ ಗೋಡೆಯಲ್ಲಿ ಖಾಸಗಿ ಬಾಗಿಲು ಇಡಿಸಿಕೊಂಡಿದ್ದ. ಹಗಿನ್ಸ್ ಕಾಲದಲ್ಲಿ ಥಾಮಸ್ ಡ್ಯೂಮೇ ಅನ್ನುವ ಕೈದಿ ಇನ್ನೂ ಒಂದು ಹೆಜ್ಜೆ ಮುಂದೆ. ಜೈಲಿನ ದಾಖಲೆಯಲ್ಲಿ ಕೈದಿಯಾಗಿ ಇದ್ದುಕೊಂಡೇ ಹಲವು ಸಲ ಹಡಗು ಹತ್ತಿ ಫ್ರಾನ್ಸಿಗೆ ಹೋಗಿಬಂದ. ವೈನ್ ತಂದ. ಒಂದಷ್ಟು ಹಗಿನ್ಸ್ ಮನೆಗೂ ಹೋಯಿತು. ದುಡ್ಡಿಗೆ ಅಲ್ಲಿಂದ ಬರೆದ ಹುಂಡಿಗಳು, ಅಂದರೆ ಇಷ್ಟು ಹಣ ಕೊಡಿ ಅನ್ನುವ ಚೀಟಿಗಳು, ಜೈಲಿನ ಒಬ್ಬ ನೌಕರನ ಹೆಸರಿಗೆ ಬರುತ್ತಿದ್ದವು. ಇದನ್ನು ಓದಿ ನಾನು ಗಟ್ಟಿಯಾಗಿ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಹಗಿನ್ಸ್‌ನನ್ನು ಆಮೇಲೆ ವಿಚಾರಿಸಿದಾಗ, ನನ್ನ ಕಾಲದಲ್ಲಿ ತಪ್ಪಿಸಿಕೊಂಡವರು ಎಷ್ಟು ಮಂದಿ ಅಂತ ಎಣಿಸಿ ಹೇಳೋದಕ್ಕೆ ಆಗೋದಿಲ್ಲ, ನಾನು ಪಟ್ಟಿ ಇಟ್ಟಿಲ್ಲ ಅಂದ.

ಇದರಲ್ಲಿ ಇನ್ನೊಂದು ಗಂಟು ಇದೆ. ಕೈದಿ ಓಡಿಹೋದರೆ ಅವನ ಸಾಲಕ್ಕೆ ವಾರ್ಡನ್ ಹೊಣೆ ಅಂತ ಕಾನೂನು. ಬೇಡಿ ಹಾಕಿದ್ದಕ್ಕೆ ಬ್ಯಾಂಬ್ರಿಜ್‌ನಂಥವರು ಕೊಡುತ್ತಿದ್ದ ನೆಪವೂ ಅದೇ. ಓಡಿಹೋದರೆ ನಾನು ಕಟ್ಟಬೇಕು ಸ್ವಾಮಿ, ಅದಕ್ಕೇ ಕಬ್ಬಿಣ ಅಂತ. 30,000 ಪೌಂಡಿನವನಿಗೆ ಬಾಗಿಲು ಇಟ್ಟವನು, ಬಾಡಿಗೆ ಬಾಕಿಯವನಿಗೆ ಬೇಡಿ ಹಾಕಿದ. ಲೆಕ್ಕ ಸರಿಯಾಗಿದೆ ಅಲ್ವಾ? ಯಾರಿಂದ ದುಡ್ಡು ಬಂತು, ಯಾರಿಂದ ಬರಲಿಲ್ಲ ಅಂತ ನೋಡಿದರೆ ಅಷ್ಟೇ ಸಾಕು.

ಈಗ ಥೇಮ್ಸ್ ನದಿ ದಾಟಿ ಲಂಡನ್ನಿನ ಸದರ್ಕ್ ಕಡೆಗೆ ಹೋಗೋಣ. ಅಲ್ಲಿ ಮಾರ್ಷಲ್ಸೀ ಅನ್ನುವ ಇನ್ನೊಂದು ಜೈಲು. ಫ್ಲೀಟಿಗಿಂತ ಬಡವರ ಜೈಲು. ಅದರ ಅಧಿಕಾರಿ ಜಾನ್ ಡಾರ್ಬಿ ತಾನು ನಡೆಸುವ ತಲೆನೋವೇ ಬೇಡ ಅಂತ ವಿಲಿಯಂ ಆಕ್ಟನ್ ಅನ್ನುವವನಿಗೆ ಏಳು ವರ್ಷದ ಗುತ್ತಿಗೆಗೆ ಬಿಟ್ಟ. ಆಕ್ಟನ್ ಕಸುಬಿನಲ್ಲಿ ಕಟುಕ. ಜೈಲರ್ ಆಗಿರೋದಕ್ಕೆ ವರ್ಷಕ್ಕೆ 140 ಪೌಂಡ್, ಕೋಣೆ ಬಾಡಿಗೆ ಎತ್ತಿ, ಊಟ ಕುಡಿತ ಮಾರಿಕೊಳ್ಳೋದಕ್ಕೆ ಇನ್ನೂ 260 ಪೌಂಡ್. ಒಟ್ಟು ವರ್ಷಕ್ಕೆ 400 ಪೌಂಡ್ ಅವನು ಮೇಲಿನವನಿಗೆ ಎಣಿಸಬೇಕು. ಅದನ್ನು ಹೊರಡಿಸಿ ತನ್ನ ಲಾಭವನ್ನೂ ನೋಡಿಕೊಳ್ಳಬೇಕು. ಎಲ್ಲಿಂದ? ಸಾಲ ತೀರಿಸಲಾಗದೆ ಒಳಗೆ ಬಂದವರಿಂದ!

ಕಾಸಿದ್ದವರ ಕಡೆ ನೋಡಿದರೆ ಇದು ಜೈಲಾ ಅಂತ ಅನುಮಾನ ಬರುವ ಹಾಗಿತ್ತು. ಹೆಂಡದ ಕಟ್ಟೆ ಇತ್ತು, ಅಂಗಡಿ ಇತ್ತು. ಸಾರಾ ಬ್ರಾಡ್‌ಶಾ ಅನ್ನುವ ಹಳೇ ಕೈದಿ ಕಾಫಿ ಅಂಗಡಿ ನಡೆಸುತ್ತಿದ್ದಳು. ಇನ್ನೊಬ್ಬ ಕೈದಿ ಗಂಡ ಹೆಂಡತಿ ಸೇರಿ ಮಾಂಸದ ಊಟದ ಹೋಟೆಲು ಇಟ್ಟಿದ್ದರು. ಜಾನ್ ಗ್ರಾನೋ ಅನ್ನುವ ತುತ್ತೂರಿ ವಾದಕ 99 ಪೌಂಡ್ ಸಾಲಕ್ಕೆ 1728ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದ. ಲಂಡನ್ನಿನ ಒಪೇರಾ ವಾದ್ಯಮೇಳದಲ್ಲಿ ನುಡಿಸುತ್ತಿದ್ದವನು. ದಿನವೂ ಡೈರಿ ಬರೆದ, ಆ ಡೈರಿ ಉಳಿದಿದೆ. ಅದರಲ್ಲಿ ಆಕ್ಟನ್ ಜೊತೆ ಕೂತು ಊಟ ಮಾಡಿದ್ದು, ಕುಡಿದದ್ದು ಬರುತ್ತದೆ. ಕಛೇರಿ ಮಾಡಿ ದುಡ್ಡು ಎತ್ತುವ ಯೋಚನೆಗಳು ಬರುತ್ತವೆ. ಜೈಲರ್ ಅವನಿಗೆ ಹೆಚ್ಚು ಕಡಿಮೆ ಸ್ನೇಹಿತ.

ಗೋಡೆಯ ಆ ಕಡೆ ಸಾಮಾನ್ಯರು. 300ಕ್ಕೂ ಹೆಚ್ಚು ಮಂದಿ, ಕೆಲವೇ ಚಿಕ್ಕ ಕೋಣೆಗಳಲ್ಲಿ. ಒಂದು ಕೋಣೆಯ ಅಳತೆ ದಾಖಲೆಯಲ್ಲಿದೆ. 16 ಅಡಿ ಉದ್ದ, 14 ಅಡಿ ಅಗಲ, ಎತ್ತರ 8 ಅಡಿ. ಅದರಲ್ಲಿ 32 ಜನ. ನಮ್ಮ ಮನೆಗಳ ಒಂದು ಹಾಲ್ ಅಷ್ಟೇ. ನೆಲದ ಮೇಲೆ ಅರ್ಧ ಜನ ಮಲಗಿದರೆ ಜಾಗ ಮುಗಿಯಿತು. ಉಳಿದ ಅರ್ಧ ಜನಕ್ಕೆ ಅವರ ಮೇಲೆ ಜೋಲಿ ಕಟ್ಟಿದ್ದರು. ರಾತ್ರಿ ಬೀಗ ಹಾಕಿದರೆ ಬೆಳಗಿನ ತನಕ ತೆಗೆಯೋದಿಲ್ಲ. ಮಲಮೂತ್ರ ಎಲ್ಲ ಅಲ್ಲೇ. ಬೇಸಿಗೆಯಲ್ಲಿ ಗಾಳಿ ಸಾಲದೆ ಉಸಿರುಕಟ್ಟಿ ಸತ್ತವರೂ ಇದ್ದರು.

ಜೈಲಿನವರು ಊಟ ಕೊಡುತ್ತಿರಲಿಲ್ಲ. ಮನೆಯವರು ತಂದರೆ ಉಂಟು, ದಾನಿಗಳು ಕಳಿಸಿದರೆ ಉಂಟು. ದಾನದ ದುಡ್ಡು ಕೈದಿಗಳನ್ನು ತಲುಪುವ ಮೊದಲೇ ಜೈಲಿನವರ ಕೈಯಲ್ಲಿ ಕರಗುತ್ತಿತ್ತು. ಹಸಿವಿನಿಂದ ಮನುಷ್ಯ ಹೇಗೆ ಸಾಯುತ್ತಾನೆ ಅನ್ನೋದರ ಕ್ರಮವನ್ನೇ ಆಮೇಲೆ ಈ ಜೈಲಿನ ತನಿಖೆ ಮಾಡಿದ ಸಂಸತ್ತಿನ ಸಮಿತಿಯ ವರದಿ ಬರೆದಿಟ್ಟಿದೆ. ಮೊದಲು ನೆಂಟರಿಷ್ಟರ ಕರುಣೆ ಮುಗಿಯುತ್ತದೆ. ಆಮೇಲೆ ಮೈಮೇಲಿನ ಬಟ್ಟೆ ಮಾರುತ್ತಾನೆ. ಅದೂ ತಿಂದು ಮುಗಿದ ಮೇಲೆ ಕೆಲವೇ ದಿನಗಳಲ್ಲಿ ಏಳಲಾರದೆ ರೋಗಿಗಳ ಕೋಣೆ ಸೇರುತ್ತಾನೆ, ಅಲ್ಲಿಂದ ಹೆಣವಾಗಿ ಬರುತ್ತಾನೆ. ಸಾವಿಲ್ಲದ ದಿನ ಅಪರೂಪ ಅಂತ ವರದಿ ಹೇಳುತ್ತದೆ. ಬಿಸಿಲು ಏರಿದ ಮೇಲೆ 24 ಗಂಟೆಗೆ ಎಂಟೋ ಹತ್ತೋ ಹೆಣ.

ಥಾಮಸ್ ಬ್ಲಿಸ್ ಅನ್ನುವ ಬಡಗಿ ಇಂಥ ಹಸಿವಿನಲ್ಲೇ ಹಗ್ಗ ಕಟ್ಟಿ ಗೋಡೆ ಹಾರೋದಕ್ಕೆ ನೋಡಿದ. ಸಿಕ್ಕಿಬಿದ್ದ. ಹೊಡೆದರು, ತುಳಿದರು. ತಲೆಗೆ ಕಬ್ಬಿಣದ ಟೋಪಿ, ಕುತ್ತಿಗೆಗೆ ಕಬ್ಬಿಣದ ಪಟ್ಟಿ, ಹೆಬ್ಬೆರಳು ಹಿಂಡುವ ಸ್ಕ್ರೂ, ಕಾಲಿಗೆ ಬೇಡಿ. ಹಾಗೇ ಅವನನ್ನು ಒಂದು ಕೋಣೆಗೆ ದಬ್ಬಿದರು. ಚರಂಡಿಯ ಪಕ್ಕದ ಹಲಗೆಯ ಗೂಡು ಅದು. ಹೂಳೋದಕ್ಕೆ ಕಾದಿದ್ದ ಹೆಣಗಳನ್ನೂ ಅಲ್ಲೇ ಇಡುತ್ತಿದ್ದರು, ಇಲಿಗಳ ಕಾಟ ಬೇರೆ. ಆಮೇಲೆ ಬಿಟ್ಟರು, ಆಸ್ಪತ್ರೆ ಸೇರಿದ, ಉಳಿಯಲಿಲ್ಲ.

ಇದೆಲ್ಲ ನಮಗೆ ಗೊತ್ತಾಗಿದ್ದು ಹೇಗೆ ಅಂದರೆ, ಕ್ಯಾಸೆಲ್‌ಗೆ ಒಬ್ಬ ಸ್ನೇಹಿತ ಇದ್ದ. ಜೇಮ್ಸ್ ಓಗ್ಲ್‌ಥಾರ್ಪ್, ಸಂಸತ್ತಿನ ಸದಸ್ಯ. ಸ್ನೇಹಿತ ಸತ್ತ ಸುದ್ದಿ ಕೇಳಿ ಸುಮ್ಮನೆ ಕೂರಲಿಲ್ಲ. 1729ರ ಫೆಬ್ರವರಿಯಲ್ಲಿ ಜೈಲುಗಳ ತನಿಖೆಗೆ ಸಂಸತ್ತಿನಲ್ಲಿ ಸಮಿತಿ ಮಾಡಿಸಿ ತಾನೇ ಅಧ್ಯಕ್ಷನಾದ. ಸಮಿತಿಯವರು ಕಚೇರಿಯಲ್ಲಿ ಕೂತು ಕಡತ ತರಿಸಿಕೊಳ್ಳಲಿಲ್ಲ, ಜೈಲಿನೊಳಗೇ ಹೋದರು. ಬೇಡಿಯಲ್ಲಿದ್ದ ಸರ್ ವಿಲಿಯಂ ರಿಚ್ ಅವರ ಕಣ್ಣಿಗೇ ಬಿದ್ದ. ಮಾರ್ಚಿನಲ್ಲಿ ಫ್ಲೀಟಿನ ವರದಿ, ಮೇ ತಿಂಗಳಲ್ಲಿ ಮಾರ್ಷಲ್ಸೀಯ ವರದಿ. ನಾನು ಮೇಲೆ ಹೇಳಿದ ಕೋಣೆಗಳ ಅಳತೆ, ಡ್ಯೂಮೇ ತಂದ ವೈನು, ಎಂಟು ಅಂಗುಲದ ಕಿಂಡಿ, ಎಲ್ಲ ಅಲ್ಲಿಂದಲೇ ಬಂದದ್ದು.

ಆಗಿನ್ನೂ ಹೆಸರು ಮಾಡುತ್ತಿದ್ದ ವಿಲಿಯಂ ಹೋಗಾರ್ತ್ ಅನ್ನುವ ಚಿತ್ರಕಾರ ಈ ಸಮಿತಿಯ ವಿಚಾರಣೆಯನ್ನು ಬಣ್ಣದಲ್ಲಿ ಬರೆದ. ದೊಡ್ಡ ಮನುಷ್ಯರು ಸುತ್ತ ಕೂತಿದ್ದಾರೆ, ಅವರ ಎದುರು ಒಬ್ಬ ಕೈದಿ ಮಂಡಿಯೂರಿದ್ದಾನೆ. ಹೋಗಾರ್ತ್‌ಗೆ ಈ ಜೈಲು ಹೊಸದಲ್ಲ. ಅವನ ಅಪ್ಪ ಲ್ಯಾಟಿನ್ ಮೇಷ್ಟ್ರು. ಗಿರಾಕಿಗಳು ಲ್ಯಾಟಿನ್‌ನಲ್ಲೇ ಮಾತಾಡುವ ಕಾಫಿ ಅಂಗಡಿ ತೆರೆಯುತ್ತೇನೆ ಅಂತ ಹೊರಟು ದಿವಾಳಿಯಾಗಿ ಫ್ಲೀಟ್ ಜೈಲಿನ ಲೆಕ್ಕದಲ್ಲಿ ಕೆಲವು ವರ್ಷ ಕಳೆದಿದ್ದ. ಲ್ಯಾಟಿನ್ ಕಾಫಿ ಅಂಗಡಿ! ಎಷ್ಟು ಒಳ್ಳೆಯ ಕನಸು, ಎಷ್ಟು ಕೆಟ್ಟ ವ್ಯಾಪಾರ. ಮಗ ಆಗ ಹತ್ತು ಹನ್ನೆರಡರ ಹುಡುಗ.

ಸಮಿತಿಯ ವರದಿ ಬಂದ ಮೇಲೆ ಜನ ಕೆರಳಿದರು. ಬ್ಯಾಂಬ್ರಿಜ್, ಹಗಿನ್ಸ್, ಆಕ್ಟನ್ ಮೂವರನ್ನೂ ಹಿಡಿದು ಕೊಲೆ ಆರೋಪ ಹೊರಿಸಿದರು. ಮೂವರೂ ಬಿಡುಗಡೆಯಾದರು.

ಉಪನ್ಯಾಸದಲ್ಲಿ ಇಲ್ಲಿಗೆ ಬಂದಾಗ ಒಬ್ಬರು "ದುಡ್ಡು ತಿನ್ನಿಸಿರಬೇಕು ಬಿಡಿ" ಅಂದರು. ಇರಬಹುದು. ಆದರೆ ನನಗೆ ಅದಕ್ಕಿಂತ ಕೆಟ್ಟದ್ದು ಕಾಣುತ್ತದೆ. ಲಂಚವೇ ಬೇಕಿರಲಿಲ್ಲ, ಕಾನೂನೇ ಸಾಕಾಗಿತ್ತು. ಆಕ್ಟನ್ ಮೇಲೆ ನಾಲ್ಕು ಕೈದಿಗಳ ಸಾವಿನ ಆರೋಪ ಇತ್ತು, ಬ್ಲಿಸ್‌ನದ್ದೂ ಸೇರಿ. 1729ರ ಆಗಸ್ಟಿನಲ್ಲಿ ಕಿಂಗ್‌ಸ್ಟನ್‌ನಲ್ಲಿ ನಾಲ್ಕರಲ್ಲೂ ನಿರಪರಾಧಿ ಅಂತ ಆಯಿತು. ಬ್ಯಾಂಬ್ರಿಜ್ ವಿಷಯದಲ್ಲಿ ಕ್ಯಾಸೆಲ್‌ನ ವಿಧವೆ ಹಟ ಬಿಡಲಿಲ್ಲ. ಮೊದಲ ಮೊಕದ್ದಮೆ ಬಿದ್ದುಹೋದ ಮೇಲೆ ತಾನೇ ಕೊಲೆಯ ದಾವೆ ಹೂಡಿದಳು. ಅದರಲ್ಲೂ ಅವನು ಗೆದ್ದ. ಸಿಡುಬಿನಿಂದ ಸತ್ತವನನ್ನು ಕೊಂದವರು ಯಾರು?

ಹಗಿನ್ಸ್ ಮೊಕದ್ದಮೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಎಡ್ವರ್ಡ್ ಆರ್ನ್ ಅನ್ನುವ ಕೈದಿಯನ್ನು ಫ್ಲೀಟಿನಲ್ಲಿ ಹೊಸದಾಗಿ ಕಟ್ಟಿದ, ಇನ್ನೂ ಹಸಿ ಆರದ ಕೋಣೆಗೆ ಹಾಕಿದ್ದರು. ಬೆಂಕಿ ಇಲ್ಲ, ಪಕ್ಕದಲ್ಲೇ ತಿಪ್ಪೆ. ಹಾಕಿದವನು ಬಾರ್ನ್ಸ್ ಅನ್ನುವ ನೌಕರ. ಆರ್ನ್ ಅಲ್ಲೇ ಸತ್ತ. ಜ್ಯೂರಿಯವರು ಏನು ನಡೆಯಿತು ಅಂತ ಬರೆದುಕೊಟ್ಟು, ಇದು ಕೊಲೆ ಹೌದೋ ಅಲ್ಲವೋ ನೀವೇ ಹೇಳಿ ಅಂತ ನ್ಯಾಯಾಧೀಶರಿಗೆ ಬಿಟ್ಟರು. ಅವರು ಬರೆದುಕೊಟ್ಟದ್ದರಲ್ಲಿ ಒಂದು ವಿವರ ಇದೆ. ಆರ್ನ್ ಬದುಕಿದ್ದಾಗ ವಾರ್ಡನ್ ಹಗಿನ್ಸ್ ಒಮ್ಮೆ ಆ ಕೋಣೆಯ ಹತ್ತಿರ ಬಂದಿದ್ದ. ಒಳಗಿದ್ದ ಆರ್ನ್‌ನನ್ನು ನೋಡಿದ. ನೋಡಿ ಆ ಕಡೆ ತಿರುಗಿಕೊಂಡ. ಅವನು ತಿರುಗಿಕೊಂಡ ಹೊತ್ತಿಗೆ ಬಾರ್ನ್ಸ್ ಬಾಗಿಲಿಗೆ ಬೀಗ ಹಾಕಿದ.

ನ್ಯಾಯಾಧೀಶರು ಹೇಳಿದ್ದು ಇಷ್ಟು. ನೌಕರ ತನ್ನಷ್ಟಕ್ಕೆ ಮಾಡಿದ ಅಪರಾಧಕ್ಕೆ, ಒಡೆಯ ಹೇಳಿ ಮಾಡಿಸದೆ ಇದ್ದರೆ, ಗೊತ್ತಿದ್ದು ಒಪ್ಪದೆ ಇದ್ದರೆ, ಒಡೆಯನನ್ನು ಕೊಲೆಗಾರ ಅನ್ನೋದಕ್ಕೆ ಆಗೋದಿಲ್ಲ. ಒಮ್ಮೆ ನೋಡಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗೆ ಆಗೋದಿಲ್ಲ. ಹಗಿನ್ಸ್ ಮನೆಗೆ ಹೋದ. ಈ ತೀರ್ಪು ಇಂದಿಗೂ ಅಪರಾಧ ಕಾನೂನಿನ ಪುಸ್ತಕಗಳಲ್ಲಿ ಉದಾಹರಣೆಯಾಗಿ ಬರುತ್ತದೆ. ತತ್ವವಾಗಿ ನೋಡಿದರೆ ತಪ್ಪಿಲ್ಲ. ಯಾರೋ ಮಾಡಿದ ಕೊಲೆಗೆ ಇನ್ಯಾರನ್ನೋ ಗಲ್ಲಿಗೆ ಹಾಕಬಾರದು ಅನ್ನೋದು ಒಳ್ಳೆಯ ಮಾತೇ. ಆದರೆ ಜೈಲನ್ನು ಆಸ್ತಿಯಾಗಿ ಕೊಂಡವನು, ಅದರ ಲಾಭವನ್ನೆಲ್ಲ ಮನೆಗೆ ಒಯ್ದವನು, ಅದರೊಳಗಿನ ಸಾವಿಗೆ ಮಾತ್ರ ಹೊರಗಿನವನಾಗಿಬಿಟ್ಟ. ನನಗೆ ಬ್ಯಾಂಬ್ರಿಜ್‌ನ ಕ್ರೌರ್ಯಕ್ಕಿಂತ ಹಗಿನ್ಸ್ ತಿರುಗಿಕೊಂಡದ್ದೇ ಹೆಚ್ಚು ಕಾಡುತ್ತದೆ.

ಸಂಸತ್ತು ಒಂದು ಕೆಲಸ ಮಾಡಿತು. ಬ್ಯಾಂಬ್ರಿಜ್‌ನನ್ನು ವಾರ್ಡನ್ ಹುದ್ದೆಯಿಂದ ತೆಗೆಯೋದಕ್ಕೇ ಒಂದು ಕಾಯ್ದೆ ಮಾಡಿತು. ಹುದ್ದೆ ಆಸ್ತಿಯಾದ್ದರಿಂದ ಸುಮ್ನೆ ಮನೆಗೆ ಕಳಿಸುವ ಹಾಗಿರಲಿಲ್ಲ ನೋಡಿ. ಆದರೆ ಶುಲ್ಕದ ಮೇಲೆ ಜೈಲು ನಡೆಸುವ ಪದ್ಧತಿಯನ್ನು ಯಾರೂ ಮುಟ್ಟಲಿಲ್ಲ.

ಹೀಗಾಗಿ ನಲವತ್ತು ಚಿಲ್ಲರೆ ವರ್ಷದ ಮೇಲೆ, 1773ರಲ್ಲಿ, ಬೆಡ್‌ಫರ್ಡ್‌ಶೈರಿನ ಶೆರಿಫ್ ಆದ ಜಾನ್ ಹೋವರ್ಡ್ ತನ್ನ ಜಿಲ್ಲೆಯ ಜೈಲಿಗೆ ಹೋದಾಗ ಕಂಡದ್ದು ಅದೇ ಲೆಕ್ಕ. ನಿರಪರಾಧಿ ಅಂತ ಕೋರ್ಟ್ ಬಿಟ್ಟವರು ಇನ್ನೂ ಒಳಗಿದ್ದರು. ಯಾಕೆ? ಜೈಲರ್‌ನ ಶುಲ್ಕ ಕಟ್ಟಿರಲಿಲ್ಲ. ಹೋವರ್ಡ್ ನೇರವಾಗಿ ಜೈಲರ್‌ಗೆ ಸಂಬಳ ಕೊಡಿ ಅಂದ. ಜಿಲ್ಲೆಯ ಮ್ಯಾಜಿಸ್ಟ್ರೇಟರು, ಬೇರೆ ಜಿಲ್ಲೆಯಲ್ಲಿ ಹೀಗೆ ಕೊಟ್ಟ ಉದಾಹರಣೆ ತೋರಿಸಿ ಅಂದರು. ಅದನ್ನು ಹುಡುಕಿಕೊಂಡು ಅವನು ಪಕ್ಕದ ಜಿಲ್ಲೆಗಳಿಗೆ ಹೋದ. ಉದಾಹರಣೆ ಸಿಗಲಿಲ್ಲ, ಎಲ್ಲ ಕಡೆ ಅದೇ ಕಥೆ. ನಂತರ ಅವನು ದೇಶದ ಜೈಲುಗಳನ್ನೆಲ್ಲ ಸುತ್ತಿ ತಲೆ ಎಣಿಸಿದ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 4,084 ಕೈದಿಗಳು. ಅವರಲ್ಲಿ 2,437 ಮಂದಿ ಸಾಲಗಾರರು. ಅರ್ಧಕ್ಕಿಂತ ಜಾಸ್ತಿ. 1774ರಲ್ಲಿ ಎರಡು ಕಾಯ್ದೆ ಬಂದವು, ಒಂದು ನಿರಪರಾಧಿಗಳನ್ನು ಶುಲ್ಕಕ್ಕಾಗಿ ಹಿಡಿದಿಟ್ಟುಕೊಳ್ಳಬಾರದು ಅಂತ, ಇನ್ನೊಂದು ಕೈದಿಗಳ ಆರೋಗ್ಯದ ಬಗ್ಗೆ. ಫ್ಲೀಟೂ ಮಾರ್ಷಲ್ಸೀಯೂ 1842ರಲ್ಲಿ ಮುಚ್ಚಿದವು. ಸಾಲಕ್ಕೆ ಜೈಲು ಅನ್ನೋದನ್ನು 1869ರ ಕಾಯ್ದೆ ಬಹುಮಟ್ಟಿಗೆ ತೆಗೆದುಹಾಕಿತು. ಕೊಡುವ ಶಕ್ತಿ ಇದ್ದೂ ಕೊಡದವನಿಗೆ ಆರು ವಾರದ ತನಕ ಅನ್ನೋದನ್ನು ಮಾತ್ರ ಉಳಿಸಿಕೊಂಡಿತು.

ಕೊನೆಯಲ್ಲಿ ಬಂದ ಎರಡು ಪ್ರಶ್ನೆ. ಓಗ್ಲ್‌ಥಾರ್ಪ್ ಸಾಲಗಾರರಿಗಾಗಿಯೇ ಅಮೆರಿಕದಲ್ಲಿ ಜಾರ್ಜಿಯಾ ಕಟ್ಟಿದ ಅಂತಾರಲ್ಲ, ನಿಜವಾ ಅಂತ ಒಬ್ಬ ಹುಡುಗ ಕೇಳಿದ. ಯೋಚನೆ ಮೊಳೆತದ್ದು ಅಲ್ಲಿಂದಲೇ. 1732ರಲ್ಲಿ ರಾಜನಿಂದ ಸನ್ನದು ಸಿಕ್ಕಿತು, ಮರುವರ್ಷ ಮೊದಲ ತಂಡ ಸವನ್ನಾದಲ್ಲಿ ಇಳಿಯಿತು. ಆದರೆ ಹೋಗಿ ನೆಲೆಸಿದವರಲ್ಲಿ ಜೈಲಿನಿಂದ ಬಿಡಿಸಿಕೊಂಡು ಬಂದ ಸಾಲಗಾರರು ತೀರಾ ಕಡಿಮೆ. ಹಡಗು ಹತ್ತಿಸುವಾಗ ಕಸುಬು ಗೊತ್ತಿರುವ, ದುಡಿಯುವ ಬಡವರನ್ನೇ ಆರಿಸಿದರು.

ಇನ್ನೊಂದು ಪ್ರಶ್ನೆ ನಿವೃತ್ತ ಕೋರ್ಟ್ ನೌಕರರೊಬ್ಬರದ್ದು. ಪ್ರಶ್ನೆ ಅನ್ನೋದಕ್ಕಿಂತ ನೆನಪು. ನಮ್ಮಲ್ಲೂ ಅಮಲ್ಜಾರಿ ಕೇಸಿನಲ್ಲಿ, ಅಂದರೆ ಕೋರ್ಟಿನ ಡಿಕ್ರಿಯನ್ನು (ತೀರ್ಪಿನ ಆದೇಶವನ್ನು) ಜಾರಿ ಮಾಡಿಸುವ ಕೇಸಿನಲ್ಲಿ, ಸಿವಿಲ್ ಜೈಲು ಇದೆಯಲ್ಲ ಅಂದರು. ಇದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ ಬ್ರಿಟಿಷರ ಕಾಲದ್ದೇ, 1908ರದ್ದು. ಆದರೆ ಅದರೊಳಗೆ ಈ ಹಳೇ ಜೈಲುಗಳಿಂದ ಕಲಿತ ಪಾಠಗಳು ಸೇರಿವೆ. ಸೂರ್ಯ ಮುಳುಗಿದ ಮೇಲೆ ಬಂಧಿಸೋದಕ್ಕೆ ಮನೆಯೊಳಗೆ ನುಗ್ಗುವ ಹಾಗಿಲ್ಲ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ. ಅವಧಿಗೆ ಮಿತಿ ಇದೆ, ಹೆಚ್ಚೆಂದರೆ ಮೂರು ತಿಂಗಳು. ಬರೀ ಕೈಯಲ್ಲಿ ಕಾಸಿಲ್ಲ ಅನ್ನೋ ಕಾರಣಕ್ಕೆ ಒಳಗೆ ಹಾಕಬಾರದು, ಇದ್ದೂ ಕೊಡುತ್ತಿಲ್ಲ ಅನ್ನೋದು ಗೊತ್ತಾಗಬೇಕು ಅಂತ 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಎಲ್ಲಕ್ಕಿಂತ ಮುಖ್ಯ, ಒಳಗಿರುವವನ ಊಟದ ಖರ್ಚನ್ನು ಡಿಕ್ರಿದಾರನೇ, ಅಂದರೆ ಹಣ ಬರಬೇಕಾದವನೇ, ಕೋರ್ಟಿಗೆ ಮುಂಗಡ ಕಟ್ಟಬೇಕು. ಕಟ್ಟದಿದ್ದರೆ ಸಾಲಗಾರ ಹೊರಗೆ.

"ಎಷ್ಟೋ ಕೇಸಿನಲ್ಲಿ ಆ ಭತ್ಯೆ ಕಟ್ಟಬೇಕು ಅಂದ ಕೂಡಲೇ ಪಾರ್ಟಿ ಹಿಂದೆ ಸರೀತಿದ್ದರು ಸಾರ್" ಅಂದರು ಅವರು. "ಇವನಿಗೆ ಕೊಟ್ಟ ಸಾಲವೂ ಹೋಯಿತು, ಊಟಾನೂ ನಾನೇ ಹಾಕಬೇಕಾ ಅಂತ ನಮ್ಮ ಮೇಲೆ ರೇಗೋರು."